ನೂರಿಗೆ ಎರಡು ದಡ

ಮಂದಾರಗಿರಿಯ ಬೀದಿಗಳಲ್ಲಿ ಡಂಗುರದವನು ಹೀಗೆ ಸಾರಿದ:

"ಎರಡು ದಡದವರ ಪಟ್ಟಿಯಲ್ಲಿ ಹೆಸರಿರುವ ಮಕ್ಕಳು ಬರುವ ಹುಣ್ಣಿಮೆಯೊಳಗೆ ಒಂದು ದಡವನ್ನು ಬಿಡತಕ್ಕದ್ದು. ಬಿಟ್ಟ ದಡಕ್ಕೆ ವರ್ಷಕ್ಕೆ ಮೂರು ದಿನ ನೆಂಟರಾಗಿ ಹೋಗಿಬರಬಹುದು. ತನ್ನ ಮಗುವಿಗೆ ಎರಡೂ ಇರಲಿ ಎನ್ನುವ ತಂದೆ ಆಸ್ಥಾನಕ್ಕೆ ಬಂದು ಮಹಾರಾಜರ ಮೂರು ಒಗಟು ಬಿಡಿಸತಕ್ಕದ್ದು. ತಪ್ಪಿದರೆ ಹುಣ್ಣಿಮೆಗೆ ತಲೆದಂಡ."

ಹೊಳೆಯಾಚೆಯದು ಸಿರಿಕೊಪ್ಪ ರಾಜ್ಯ. ಎರಡೂ ಕಡೆ ಹೆಣ್ಣು ಕೊಟ್ಟು ತರುವ ಸಂಬಂಧ ತಲೆಮಾರುಗಳಿಂದ ನಡೆದಿತ್ತು. ಅಂಥ ಮನೆಯ ಮಕ್ಕಳು ಎರಡೂ ದಡದ ಪ್ರಜೆಗಳು. ಆ ವರ್ಷ ನಡುಹೊಳೆಯಲ್ಲಿ ಎರಡು ಚಾಪೆಯಗಲದ ಒಂದು ಮರಳದಿಬ್ಬ ಎದ್ದಿತು. ಅದು ಯಾರದೆಂದು ರಾಜರಿಬ್ಬರಿಗೂ ಜಗಳ ಹತ್ತಿತು. ದಿಬ್ಬವನ್ನು ಹಂಚಿಕೊಳ್ಳಲಾಗದವರು ಮಕ್ಕಳನ್ನು ಹಂಚಿಕೊಳ್ಳಲು ಹೊರಟರು.

ಪಾತ್ರೆಗೆ ಕಲಾಯಿ ಹಾಕುವ ದಾವಲ ಡಂಗುರ ಕೇಳಿ ಮನೆಗೆ ಬಂದ. ಅವನ ಹೆಂಡತಿ ಮಾಬೂಬಿ ಸಿರಿಕೊಪ್ಪದವಳು. ಮಗಳು ನೂರಿಗೆ ಏಳು ವರ್ಷ. ವರ್ಷದಲ್ಲಿ ನಾಲ್ಕು ತಿಂಗಳು ಅವಳು ಆಚೆದಡದ ಅಜ್ಜಿಯ ಮಗ್ಗುಲಲ್ಲೇ ಮಲಗುವವಳು.

"ಈ ದಡದ ಹೆಸರೊಂದೇ ಇರಲಿ ಬಿಡ್ರಿ" ಎಂದಳು ಮಾಬೂಬಿ. "ನಿಮ್ಮ ತಲೆ ಉಳಿದರೆ ಮೂರು ದಿನವಾದರೂ ಕರಕೊಂಡು ಹೋಗಬಹುದು."

"ಅಜ್ಜಿ ಮನೆಗೆ ನೆಂಟಳಾಗಿ ಹೋಗೋದು ಹ್ಯಾಗೆ? ಒಲೆ ಮುಂದೆ ಕೂರಬೇಕೋ, ಜಗಲಿ ಮೇಲೆ ಕೂರಬೇಕೋ ಅಂತ ಯೋಚನೆ ಮಾಡೋದರಲ್ಲೇ ಮೂರು ದಿನ ಮುಗೀತದೆ."

"ತಲೆ ಇಲ್ಲದ ಅಪ್ಪನಿಗಿಂತ ಅದೇ ವಾಸಿ."

ಆದರೂ ಮರುದಿನ ದಾವಲ ಅಂಗಿ ಕೊಡವಿಕೊಂಡು ಹೊರಟ.

ಆಸ್ಥಾನದಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಯಾರಿಗೆ ಯಾವ ಒಗಟನ್ನು ಮೊದಲು ಕೇಳುವುದೆಂಬುದು ರಾಜರ ಮರ್ಜಿ. ಒಬ್ಬ ಪಂಡಿತರಿಗೆ ಕೇಳಿದರು: "ದಿನಾ ಬೆಂಕಿಯ ಮೇಲೆ ಕೂರುತ್ತಾಳೆ, ದಿನಾ ಮೈಗೆ ಬೂದಿ ಹಚ್ಚಿಸಿಕೊಳ್ಳುತ್ತಾಳೆ. ಬಾಳೆಲ್ಲ ಒಂದು ಮನೆಗೆ ಬೇಯಿಸಿ ಹಾಕಿದರೂ ಕೊರಳಲ್ಲಿ ಇನ್ನೊಂದು ಮನೆಯ ಹೆಸರು. ಯಾರವಳು?"

"ಜೀವಾತ್ಮ, ಮಹಾಸ್ವಾಮಿ." ಪಂಡಿತರಿಗೆ ಯಾವ ಒಗಟಿಗೂ ಮೊದಲು ಹೊಳೆಯುವುದು ಜೀವಾತ್ಮವೇ. ಅವರನ್ನು ಸೆರೆಮನೆಗೆ ಕರೆದೊಯ್ದರು.

ಬಟ್ಟೆ ವ್ಯಾಪಾರಿಯೊಬ್ಬನಿಗೆ ಕೇಳಿದರು: "ಒಬ್ಬಳು ಕೂತೇ ಇರುತ್ತಾಳೆ, ಅವಳ ತಲೆಯ ಮೇಲೆ ಇನ್ನೊಬ್ಬಳು ತಿರುಗುತ್ತಲೇ ಇರುತ್ತಾಳೆ. ಇಬ್ಬರೂ ಸೇರಿ ತಾವು ಉಣ್ಣದೆ ಮನೆಮಂದಿಗೆಲ್ಲ ಉಣಿಸುತ್ತಾರೆ. ಯಾರಿವರು?"

"ಸವತಿಯರು" ಎಂದ ವ್ಯಾಪಾರಿ, ಕ್ಷಣವೂ ತಡೆಯದೆ. ಅವನಿಗೆ ಇಬ್ಬರು ಹೆಂಡಿರು. ಆಸ್ಥಾನ ನಕ್ಕಿತು, ಅವನೂ ಸೆರೆಮನೆಗೆ ಹೋದ.

ದಾವಲನ ಸರದಿ ಬಂತು. ಅವನ ಮಸಿ ಹಿಡಿದ ಬೆರಳುಗಳನ್ನು ನೋಡಿ, ಇವನಿಗೇನು ಹೊಳೆದೀತೆಂದು ರಾಜರು ಅದೇ ಎರಡನ್ನೂ ಕೇಳಿದರು.

"ಮೊದಲನೆಯದು ಹೆಣ್ಣು ತೌರಿಂದ ತಂದ ಹಿತ್ತಾಳೆ ಪಾತ್ರೆ, ಮಹಾಸ್ವಾಮಿ. ಕೊಟ್ಟವರ ಹೆಸರನ್ನು ಅದರ ಕಂಠದ ಮೇಲೆ ಕೆತ್ತಿಸಿರ್ತಾರೆ. ಎರಡನೆಯದು ಬೀಸುವ ಕಲ್ಲು. ಕೆಳಗಿನದು ಅಲುಗಲ್ಲ, ಮೇಲಿನದು ನಿಲ್ಲಲ್ಲ. ಹಿಟ್ಟು ಮಾತ್ರ ನಮಗೆ."

ರಾಜರ ಮುಖ ಬಿಗಿಯಿತು. "ಇವುಗಳ ಉತ್ತರ ನನ್ನನ್ನು ಬಿಟ್ಟರೆ ಈ ದಡದಲ್ಲಿ ಯಾರಿಗೂ ಗೊತ್ತಿಲ್ಲ. ನಿನಗೆ ಹೇಗೆ ಗೊತ್ತು?"

"ನನ್ನ ಮಗಳು ದಿನಾ ಊಟಕ್ಕೆ ಕೂತಾಗ ಇವನ್ನೇ ಕೇಳೋದು. ಅವಳಿಗೆ ಆಚೆದಡದ ಅಜ್ಜಿ ಹೇಳಿಕೊಟ್ಟಿದ್ದು."

ರಾಜರು ಮೂರನೆಯದನ್ನು ಕೇಳಿದರು: "ಬಿಟ್ಟು ಬಂದವಳಿಗೆ ದಿನಾ ಕಾಣಿಸುತ್ತದೆ. ಅಲ್ಲೇ ಉಳಿದವಳಿಗೆ ಎಲ್ಲಿದೆಯೆಂದೇ ತಿಳಿಯದು. ಏನದು?"

ಇದನ್ನು ನೂರಿ ಅವನಿಗೆ ಎಂದೂ ಕೇಳಿರಲಿಲ್ಲ. ಅಜ್ಜಿ ಮಕ್ಕಳಿಗೆ ಹೇಳುವ ಒಗಟಲ್ಲವೇನೋ. ಭಟನೊಬ್ಬ ಆಗಲೇ ಹತ್ತಿರ ಬಂದು ನಿಂತ. ದಾವಲನಿಗೆ ಮಾಬೂಬಿಯ ನೆನಪಾಯಿತು. ರೊಟ್ಟಿ ತಟ್ಟುತ್ತ ತಟ್ಟುತ್ತ ಕೈ ನಿಲ್ಲಿಸಿ, "ನಮ್ಮ ಹಿತ್ತಲಲ್ಲಿ ಈಗ ನುಗ್ಗೆ ಹೂ ಬಿಟ್ಟಿರ್ತದೆ" ಎನ್ನುವವಳು. ಮದುವೆಗೆ ಮುಂಚೆ ಆ ಮರವನ್ನು ಅವಳು ಕಣ್ಣೆತ್ತಿ ನೋಡಿದ್ದಳೋ ಇಲ್ಲವೋ.

"ತೌರುಮನೆ, ಮಹಾಸ್ವಾಮಿ. ಬಿಟ್ಟು ಬರೋವರೆಗೆ ಅದು ಬರೀ ಮನೆ."

ರಾಜರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮೆಲ್ಲಗೆ ತಿರುಗಿ ಪರದೆಯತ್ತ ನೋಡಿದರು. ಅದರ ಹಿಂದೆ ರಾಜಮಾತೆ ಕೂತಿದ್ದರು.

"ಅವ್ವ, ಇದರ ಉತ್ತರ ನೀನು ನನಗೆ ಹೇಳಲೇ ಇಲ್ಲ."

"ಗಂಡುಹುಡುಗನಿಗೆ ಯಾಕೆ ಅಂತ ಬಿಟ್ಟೆ. ನನ್ನ ಮಡಿಲಲ್ಲಿ ಕಲಿತದ್ದನ್ನ ತಂದು ಜನರ ತಲೆ ತೆಗೀತೀ ಅಂತ ಗೊತ್ತಿದ್ದರೆ ಮೊದಲಿನವನ್ನೂ ಹೇಳತಿರಲಿಲ್ಲ." ರಾಜಮಾತೆ ಪರದೆ ಸರಿಸಿದರು. "ಅವನ ಉತ್ತರ ಸರಿಯಾಗಿದೆ. ಇನ್ನೊಂದು ನಾನು ಕೇಳತೀನಿ, ನೀನೇ ಹೇಳು. ಚೊಚ್ಚಲ ಹೆರಿಗೆ ಎಲ್ಲಿ ಆಗತದಪ್ಪ?"



"ತೌರಲ್ಲಿ" ಎಂದರು ರಾಜರು, ನೆಲ ನೋಡುತ್ತ.

"ನೀನು ನನ್ನ ಚೊಚ್ಚಲು. ಹುಟ್ಟಿ ಐದು ತಿಂಗಳು ಸಿರಿಕೊಪ್ಪದ ತೊಟ್ಟಿಲಲ್ಲೇ ಇದ್ದೆ."

ಆಜ್ಞೆ ಅಲ್ಲಿಗೆ ರದ್ದಾಯಿತು. ನೂರಿಯ ಹೆಸರು ಎರಡೂ ದಡದಲ್ಲಿ ಉಳಿಯಿತು, ಅವಳಂಥ ಎಲ್ಲ ಮಕ್ಕಳದೂ. ದಾವಲನಿಗೆ ಹೊಳೆದಂಡೆಯಲ್ಲಿ ಎರಡು ಎಕರೆ ಉಂಬಳಿ ಸಿಕ್ಕಿತು. ಅವನು ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಬೇಕೆಂದು ಕೇಳಿಕೊಂಡ, ಬಿಟ್ಟರು. ಪಂಡಿತರು ಹೊರಬರುತ್ತ, ಪಾತ್ರೆಯೆಂದರೂ ಕೊನೆಗೆ ಜೀವಾತ್ಮವೇ ಎಂದು ವಾದಿಸುತ್ತಿದ್ದರಂತೆ.

ರಾಜರು ಕರಣಿಕನನ್ನು ಕರೆದರು. "ಎರಡು ದಡದವರ ಪಟ್ಟಿ ತೆಗೆ. ನನ್ನ ಹೆಸರು ಬರಿ. ಅದಕ್ಕೂ ಮೊದಲು ಅವ್ವನದು ಬರಿ."

ಕರಣಿಕ ಲೇಖನಿ ಹಿಡಿದು ತಡೆದ. "ಚಂದ್ರಾವತೀದೇವಿ ಎಂಬುದು ಅರಮನೆಗೆ ಸೊಸೆಯಾಗಿ ಬಂದ ದಿನ ಅಕ್ಕಿಯ ಮೇಲೆ ಬರೆದು ಇಟ್ಟ ಹೊಸ ಹೆಸರು, ಮಹಾಸ್ವಾಮಿ. ಆಚೆದಡದಲ್ಲಿ ಏನಿತ್ತು?"

ರಾಜರು ಬಾಯಿ ತೆರೆದರು. ಅವರಿಗೂ ಗೊತ್ತಿರಲಿಲ್ಲ.

"ದುಂಡವ್ವ" ಎಂದರು ರಾಜಮಾತೆ.

ಯಾರೂ ನಗಲಿಲ್ಲ. ಕರಣಿಕ ಬರೆದ, ವಾಡಿಕೆಯಂತೆ ಬರೆದದ್ದನ್ನು ಗಟ್ಟಿಯಾಗಿ ಓದಿದ.

"ಇನ್ನೊಂದು ಸಲ ಓದಪ್ಪ" ಎಂದರು ಮುದುಕಿ.