ಗೇಟಿನ ಹಲಗೆ

ಪ್ರವಾಸಿ ಬಂಗಲೆ ನೋಡಿಕೊಳ್ಳುವ ಮೇಟಿಗೆ ಅಮಲ್ದಾರರ ಆಜ್ಞೆ ಬಂತು: "ಸೋಮವಾರದಿಂದ ಶನಿವಾರದೊಳಗೆ, ನೀನು ನಿರೀಕ್ಷಿಸದ ದಿನ ಬರುತ್ತೇನೆ. ಪದ್ಧತಿಯಂತೆ ಆ ದಿನ ಬೆಳಿಗ್ಗೆಯೇ ಗೇಟಿನ ಹಲಗೆಯ ಮೇಲೆ ನನ್ನ ಹೆಸರಿರಬೇಕು. ಇಲ್ಲದಿದ್ದರೆ ನಿನ್ನ ಕೆಲಸ ಹೋಯಿತು."

ಮೇಟಿಗೆ ಊಟ ಸೇರಲಿಲ್ಲ. ಗುಡಿಸಿದ್ದನ್ನೇ ಗುಡಿಸಿದ.

"ಹೇಳದೆ ಬರೋರ ದಿನ ಹೇಗ್ರೀ ಗೊತ್ತಾಗುತ್ತೆ? ದಿನಾ ಕಾಯ್ತಾನೇ ಸಾಯಬೇಕು!" ಎಂದು ಹೆಂಡತಿ ಸಿಡುಕಿದಳು. ಆ ಮಾತು ಕೇಳಿದ್ದೇ ಅವನು ಸೀಮೆಸುಣ್ಣ ಹುಡುಕಿದ.

ಸೋಮವಾರ ಹಲಗೆಯ ಮೇಲೆ "ಅಮಲ್ದಾರರು ಇಂದು ಬರುತ್ತಾರೆ" ಎಂದಿತ್ತು. ಸಾಹೇಬರ ಜಟಕಾ ಗೇಟಿನವರೆಗೆ ಬಂದು, ಹಲಗೆ ಕಂಡು ಹಿಂದಿರುಗಿತು. ಮಂಗಳವಾರವೂ ಅದೇ ಬರಹ, ಅದೇ ಜಟಕಾ. ಗುರುವಾರ ಕೋಳಿ ಕೂಗುವ ಮೊದಲೇ ಬಂದರು. ಹಲಗೆ ಅವರಿಗಿಂತ ಮೊದಲೇ ಸಿದ್ಧವಾಗಿತ್ತು.

ಶನಿವಾರ ಅಮಲ್ದಾರರು ಗೇಟಿನ ಹೊರಗೆ ಕೆರಳಿ ನಿಂತರು. "ಐದು ದಿನ ಸುಳ್ಳು ಬರೆದೆಯಲ್ಲೋ!"

"ನಾನು ನಂಬಿಯೇ ಬರೆದೆ ಸ್ವಾಮಿ. ಬರದೆ ಹೋಗಿ ಸುಳ್ಳು ಮಾಡಿದವರು ತಾವು."

"ಇವತ್ತೂ ಹಿಂದಕ್ಕೆ ಹೋದರೆ?"

"ಇವತ್ತೇ ಕೊನೇ ದಿನ, ತಮ್ಮ ಆಜ್ಞೆ ಸುಳ್ಳಾಗುತ್ತೆ. ಒಳಗೆ ಬಂದರೂ ಸುಳ್ಳಾಗುತ್ತೆ, ನಾನು ನಿರೀಕ್ಷಿಸಿದ್ದೀನಲ್ಲ."

ಅಮಲ್ದಾರರು ಒಂದು ಕಾಲು ಒಳಗಿಟ್ಟರು, ತೆಗೆದರು, ಮತ್ತೆ ಇಟ್ಟರು.

"ಎರಡೂ ಒಂದೇ ಅಂದಮೇಲೆ ಒಳಗೇ ಬನ್ನಿ ಸ್ವಾಮಿ," ಎಂದ ಮೇಟಿ. "ಸ್ನಾನದ ನೀರು ಆರ್ತಿದೆ."