ಹಿಂದಿರುವ ಮರಿಗೆ ಟ್ಯೂಷನ್

ಒಂದು ಕಾಡಿನಲ್ಲಿ ಕಡವೆ ಮೇಷ್ಟ್ರು ಶಾಲೆ ನಡೆಸುತ್ತಿದ್ದರು. ದ್ಯಾವಮ್ಮ ಎಂಬ ಗೌಜಲಹಕ್ಕಿಯ ಮರಿಗಳೆಲ್ಲ ಅಲ್ಲೇ ಓದುತ್ತಿದ್ದವು. ಬೆಳಗಾದರೆ ಅಮ್ಮ ಮುಂದೆ, ಮರಿಗಳು ಹಿಂದೆ, ಸಾಲಾಗಿ ಕಾಲುದಾರಿ ಹಿಡಿಯುತ್ತಿದ್ದರು. ಎಲ್ಲರಿಗಿಂತ ಕೊನೆಗೆ ಬರುವವಳು ಗಿಲಕಿ. ಕಣ್ಣು ಚುರುಕಾಗಿರುವ ಮರಿಯನ್ನೇ ಸಾಲಿನ ಕೊನೆಗೆ ಬಿಡುವುದು ಗೌಜಲಹಕ್ಕಿಗಳ ಪದ್ಧತಿ. ಹಿಂದಿನಿಂದ ಯಾರಾದರೂ ಬಂದರೆ ಕೂಗಿ ಹೇಳಬೇಕಲ್ಲ!

ಒಂದು ಮಧ್ಯಾಹ್ನ ದ್ಯಾವಮ್ಮ ಗೆದ್ದಲು ಕೆದಕುತ್ತಿದ್ದಾಗ ಜಂಬಣ್ಣ ನರಿ ಬಂದ. ದ್ಯಾವಮ್ಮ ಪುರ್ರನೆ ಮರದ ಮೋಟಿನ ಮೇಲೆ ಹಾರಿ ಕೂತಳು.

“ಹೆದರ್ಬೇಡಿ ದ್ಯಾವಮ್ಮ, ನಾನೀಗ ಹಣ್ಣು ಬಿಟ್ಟು ಬೇರೇನೂ ಮುಟ್ಟಲ್ಲ. ಟ್ಯೂಷನ್ ಹೇಳ್ಕೊಂಡು ಆರಾಮಾಗಿದ್ದೀನಿ,” ಎಂದ ನರಿ. ಆಮೇಲೆ ದನಿ ತಗ್ಗಿಸಿದ. “ನಿಮ್ಮ ಗಿಲಕಿ ತುಂಬಾ ಹಿಂದಿದ್ದಾಳೆ ಕಣಮ್ಮ. ನೋಡಿದ್ರೆ ಹೊಟ್ಟೆ ಉರಿಯುತ್ತೆ.”

“ಹಿಂದಿದ್ದಾಳಾ? ನಮ್ಮ ಗಿಲಕಿಯಾ?”

“ಉಳಿದವರೆಲ್ಲ ಮುಂದೆ, ಇವಳೊಬ್ಬಳೇ ಹಿಂದೆ. ಶಾಲೆ ಪಾಠ ಸಾಲದು. ನಾಳೆಯಿಂದ ಅವಳೊಬ್ಬಳನ್ನ ನನ್ನ ಲಂಟಾನದ ಪೊದೆಗೆ ಕಳಿಸಿ.”

ನರಿ ಹೋದ. ದ್ಯಾವಮ್ಮನ ನೆಮ್ಮದಿಯೂ ಅವನ ಜೊತೆಗೇ ಹೋಯಿತು. ಜೊತೆಗೆ ಓದುವ ಮೊಲದ ಮಕ್ಕಳೆಲ್ಲ ಮುಂದೆ ಬಂದು ತನ್ನ ಮಗಳೊಬ್ಬಳೇ ದಡ್ಡಿಯಾಗಿ ಉಳಿದುಬಿಟ್ಟರೆ? ಸಂಜೆ ಗಿಲಕಿ ಆಡಲು ಹೊರಟಾಗ, “ಆಟ ಸಾಕು, ಕೂತ್ಕೊಂಡು ಓದು!” ಎಂದು ಗದರಿದಳು. ಗಿಲಕಿ ಕಣ್ಣು ಪಿಳಿಪಿಳಿ ಬಿಟ್ಟಳು. ದ್ಯಾವಮ್ಮನಿಗೆ ಪಾಪ ಎನಿಸಿತು. ಯಾವುದಕ್ಕೂ ಮೇಷ್ಟ್ರನ್ನು ಒಂದು ಮಾತು ಕೇಳೋಣವೆಂದು ಶಾಲೆಯ ಕಡೆ ಓಡಿದಳು.

“ಗಿಲಕಿ ಪಾಠದಲ್ಲಿ ಹಿಂದಿದ್ದಾಳಂತೆ, ಹೌದಾ ಮೇಷ್ಟ್ರೇ?”

ಕಡವೆ ಮೇಷ್ಟ್ರು ನಕ್ಕರು. “ಯಾರಮ್ಮ ಹೇಳಿದ್ದು? ಕೇಳಿದ್ದಕ್ಕೆಲ್ಲ ಪಟಪಟ ಅಂತ ಉತ್ತರ ಕೊಡ್ತಾಳೆ. ಮೊಲದ ಮಗನಿಗೆ ಲೆಕ್ಕ ಹತ್ತಲ್ಲ, ಅವನನ್ನ ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡು ನಾನೇ ಹೇಳಿಕೊಡ್ತಿದ್ದೀನಿ. ಗಿಲಕಿಗೂ ಬೇಕಾಗಿದ್ರೆ ನಿಮಗೆ ಹೇಳ್ತಿರಲಿಲ್ವೇ?”

“ಜಂಬಣ್ಣ ಹೇಳಿದ. ಉಳಿದವರೆಲ್ಲ ಮುಂದೆ, ಇವಳೊಬ್ಬಳೇ ಹಿಂದೆ ಅಂದ.”

“ಅವನು ಶಾಲೆ ಕಡೆ ತಲೆ ಹಾಕಿದ್ದನ್ನೇ ನಾನು ಕಂಡಿಲ್ಲ. ಎಲ್ಲಿ ನೋಡಿದನಂತೆ?”

ದ್ಯಾವಮ್ಮನಿಗೆ ಥಟ್ಟನೆ ಹೊಳೆಯಿತು. ಗಿಲಕಿ ಹಿಂದಿರುವುದು ಒಂದೇ ಜಾಗದಲ್ಲಿ, ಕಾಲುದಾರಿಯ ಸಾಲಿನಲ್ಲಿ! ನರಿ ದಿನವೂ ಹುಲ್ಲಿನಲ್ಲಿ ಅಡಗಿ ತಮ್ಮ ಸಾಲನ್ನು ನೋಡುತ್ತಿದ್ದಾನೆ. ಗಿಲಕಿಯ ಕಣ್ಣಿಗೆ ಹೆದರಿ ಹತ್ತಿರ ಬಂದಿಲ್ಲ. ಅವಳೊಬ್ಬಳನ್ನು ಸಾಲಿನಿಂದ ಬಿಡಿಸಿದರೆ ಅವಳೂ ಸಿಗುತ್ತಾಳೆ, ಕಾವಲಿಲ್ಲದ ಉಳಿದ ಮರಿಗಳೂ ಸಿಗುತ್ತವೆ. ದ್ಯಾವಮ್ಮನಿಗೆ ಕೆಂಡದಂಥ ಕೋಪ ಬಂತು. ಎಲ್ಲವನ್ನೂ ಮೇಷ್ಟ್ರ ಕಿವಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಗಿಲಕಿ ಪೊದೆಗೆ ಬಾರದ್ದನ್ನು ಕಂಡು ನರಿ ತಾನೇ ಬಂದ. ದ್ಯಾವಮ್ಮ ಮರಿಗಳನ್ನೆಲ್ಲ ಹೊಂಗೆಮರದ ಕೊಂಬೆಯ ಮೇಲೆ ಕೂರಿಸಿಕೊಂಡಿದ್ದಳು.

“ಮೊದಲ ಪಾಠ ಇಲ್ಲೇ ಆಗಲಿ ಜಂಬಣ್ಣ ಮೇಷ್ಟ್ರೇ. ನಾವೂ ಕೇಳೋಣ,” ಎಂದಳು.

ನರಿ ಗಂಟಲು ಸರಿಮಾಡಿಕೊಂಡ. “ಗಿಲಕಿ, ಒಳ್ಳೆ ಮಕ್ಕಳು ಕಣ್ಣು ಮುಚ್ಚಿ ಪಾಠ ಕೇಳ್ತಾರೆ. ಕಣ್ಣು ಮುಚ್ಚು, ಮೆಲ್ಲಗೆ ಕೆಳಗಿಳಿ.”

ಗಿಲಕಿ ಕಣ್ಣು ಅಗಲಿಸಿದಳು. “ಮೇಷ್ಟ್ರೇ, ನಿಮ್ಮ ಹಿಂದೆ...”

“ಹಿಂದಿನದೆಲ್ಲ ನಿನಗ್ಯಾಕೆ? ಅದಕ್ಕೇ ನೀನು ಉದ್ಧಾರ ಆಗ್ತಿಲ್ಲ!”

“ಅಲ್ಲ ಮೇಷ್ಟ್ರೇ, ಕೊಂಬು...”

“ಬಾಯಿ ಮುಚ್ಚು!”

ಗಿಲಕಿ ವಿಧೇಯಳಾಗಿ ಬಾಯಿ ಮುಚ್ಚಿದಳು. ನರಿಯ ಬೆನ್ನ ಹಿಂದೆ ಸದ್ದಿಲ್ಲದೆ ಬಂದು ನಿಂತಿದ್ದ ಕಡವೆ ಮೇಷ್ಟ್ರು ತಲೆ ತಗ್ಗಿಸಿ ಅವನನ್ನು ಕೊಂಬಿನಲ್ಲಿ ಎತ್ತಿ ಎಸೆದರು. ನರಿ ಹೋಗಿ ಬಿದ್ದದ್ದು ತುರಿಕೆ ಗಿಡದ ಮೆಳೆಯೊಳಗೆ. “ಅಯ್ಯಯ್ಯೋ, ಸತ್ತೆ!” ಎಂದು ಮೈಯೆಲ್ಲ ಪರಚಿಕೊಳ್ಳುತ್ತಾ ಆ ಕಾಡು ಬಿಟ್ಟು ಓಡಿದ. ಮರಿಗಳು ನಕ್ಕೂ ನಕ್ಕೂ ಕೊಂಬೆಯಿಂದ ಬೀಳುವಂತಾದವು.

ದ್ಯಾವಮ್ಮ ಗಿಲಕಿಯನ್ನು ರೆಕ್ಕೆಯೊಳಗೆ ಎಳೆದುಕೊಂಡಳು. “ನಿನ್ನನ್ನ ಸುಮ್ಸುಮ್ನೆ ಬೈದೆ ಕಣೇ ಮಗಳೇ.”

“ಪರ್ವಾಗಿಲ್ಲಮ್ಮ,” ಎಂದಳು ಗಿಲಕಿ. “ಇವತ್ತು ಆಡೋಕೆ ಬಿಡ್ತೀಯಲ್ಲ?”

ನೀತಿ: ಮಗುವಿಗೆ ಟ್ಯೂಷನ್ ಬೇಕೋ ಬೇಡವೋ ಎಂಬುದನ್ನು ಅದರಿಂದ ಲಾಭ ಪಡೆಯುವವರ ಮಾತು ನಂಬಿ ನಿರ್ಧರಿಸಬಾರದು. ಮಗುವನ್ನು ಚೆನ್ನಾಗಿ ಬಲ್ಲವರನ್ನು ಕೇಳಿ ನಿರ್ಧರಿಸಬೇಕು.