ಡಬ್ಬಿಯೊಳಗಿಲ್ಲದ ಗಡಿಯಾರ

ಗುಂಡಿಪೇಟೆಯಲ್ಲಿ ಮುದ್ದುವೀರಪ್ಪ ಅಂತ ಒಬ್ಬ ಇದ್ದ. ಹಳೇ ಜೇಬುಗಡಿಯಾರ ಹುಡುಕಿ ತಂದು, ರಿಪೇರಿ ಮಾಡಿ, ಉಜ್ಜಿ, ಆನ್‌ಲೈನಲ್ಲಿ ಫೋಟೋ ಹಾಕಿ ಮಾರೋದು ಅವನ ಕಸುಬು. ಅವನು ಉಜ್ಜಿದ ಗಡಿಯಾರ ಎಂಥಾ ಹೊಳಪು ಅಂದ್ರೆ, ಬೀದೀಲಿ ಹೋಗೋರು ಅದರಲ್ಲಿ ಮುಖ ನೋಡ್ಕೊಂಡು ಮೀಸೆ ಕತ್ತರಿಸ್ಕೊಳ್ತಿದ್ರು.

ಮುದ್ದುವೀರಪ್ಪನಿಗೆ ಮಂಡಿನೋವು. ಅದಕ್ಕೇ ಅಂಚೆಯಣ್ಣ ಮೈಲಾರಪ್ಪ ಮನೆ ಬಾಗಿಲಿಗೇ ಬಂದು ಪಾರ್ಸೆಲ್ ಒಯ್ದು, ಕಚೇರೀಲಿ ತೂಗಿಸಿ, ರಸೀದಿ ತಂದುಕೊಡ್ತಿದ್ದ. ಒಂದು ಲೋಟ ಮಜ್ಜಿಗೆ ಬಿಟ್ರೆ ಏನೂ ಕೇಳಿದವನಲ್ಲ.

ಒಂದು ಶನಿವಾರ ಮುಧೋಳದ ಮೇಷ್ಟ್ರೊಬ್ಬರಿಗೆ ಬೆಳ್ಳಿ ಗಡಿಯಾರ ಕಳಿಸಿದ್ದಾಯ್ತು. ಗುರುವಾರ ಫೋನ್ ಬಂತು.

"ಡಬ್ಬಿ ಬಂದೈತ್ರೀಪಾ. ಒಳಗ ಬರೇ ತೆಂಗಿನ ನಾರೈತಿ. ಗಡಿಯಾರ ಎಲ್ಲೈತಿ?"

ಮುದ್ದುವೀರಪ್ಪ ಕೂತಲ್ಲಿಂದ ಎದ್ದು ನಿಂತ. "ಮೇಷ್ಟ್ರೇ, ಸರಿಯಾಗಿ ನೋಡಿ!"

"ಎಳಿ ಎಳಿ ಬಿಡಿಸಿ ನೋಡೀನ್ರೀ. ನೀವು ಹಚ್ಚಿದ ಟೇಪ್ ಸುದ್ದಾ ಹರಿದಿದ್ದಿಲ್ಲ..."

ಆ ಮಾತು ಇವನ ಕಿವಿಗೆ ಬೀಳಲೇ ಇಲ್ಲ. ಆಗಲೇ ಓಡ್ತಿದ್ದ. ಮಂಡಿನೋವು ಎಲ್ಲಿ ಹೋಯ್ತೋ, ದಾರೀಲಿ ಎರಡು ಆಟೋ, ಒಂದು ಬಸ್ಸು ಹಿಂದಾಕಿದ.

ಅಂಚೆ ಕಚೇರಿ ಮುಂದೆ ಪಿಂಚಣಿಗೆ ಊರೇ ಸಾಲು ನಿಂತಿತ್ತು. ಮೆಟ್ಟಿಲ ಮೇಲೆ ನಿಂತು ಕೂಗಿದ: "ಲೋ ಮೈಲಾರಿ! ನನ್ ಗಡಿಯಾರ ನುಂಗಿದ್ಯೇನೋ ಕಳ್ಳಾ!" ಆ ಕೂಗಿಗೆ ಪಕ್ಕದೂರಿನ ಕೋಳಿಗಳು ಮೂರು ದಿನ ಮೊಟ್ಟೆ ಇಡಲಿಲ್ಲ.

ಮೈಲಾರಪ್ಪನ ಕೈಯಿಂದ ಚೀಲ ಜಾರಿತು. "ಅಣ್ಣಯ್ಯ, ನಾನಾ?" ಅಂದ, ಅಷ್ಟೇ. ನಿವೃತ್ತಿಗೆ ಇನ್ನೊಂದೇ ವರ್ಷ. ಕಳ್ಳತನದ ದೂರು ಬಿದ್ರೆ ಕೆಲಸಾನೂ ಹೋಯ್ತು, ಮಾನಾನೂ ಹೋಯ್ತು.

ಪೋಸ್ಟ್ ಮಾಸ್ಟರ್ ಗಿರಿಜಾಂಬ ಹೊರಗೆ ಬಂದರು. "ಕಿರುಚಬೇಡಿ. ದೂರು ಬರೆದುಕೊಡಿ. ರಸೀದಿ ಎಲ್ಲಿ?"

ಜೇಬಲ್ಲಿ ಮಡಚಿದಂಗೇ ಇತ್ತು. ಅವರು ಬಿಡಿಸಿ ಓದಿದರು. "ಗಡಿಯಾರ ಎಷ್ಟು ತೂಕ?"

"ಸರಪಳಿ ಸೇರಿ ನೂರೈವತ್ತು ಗ್ರಾಂ, ತಾಯಿ!"

"ಇಲ್ಲಿ ಇಡೀ ಪಾರ್ಸೆಲ್ಲೇ ಅರವತ್ತು ಗ್ರಾಂ ಅಂತಿದೆಯಲ್ರೀ!"

"ಹಂಗಾದ್ರೆ ತೂಗೋಕೆ ಮುಂಚೆನೇ ಕದ್ದಿದಾನೆ!"

"ಟೇಪ್ ಹರಿದಿತ್ತಾ? ಹೋಗ್ಲಿ, ಡಬ್ಬಿಯೊಳಗೆ ಇಟ್ಟಿದ್ದು ನಿಮಗೆ ನೆನಪಿದೆಯಾ?"

"ಇಲ್ದೆ ಏನು? ದೇವರ ಮುಂದೆ ಇಟ್ಟೆ, ಚೌಡೇಶ್ವರಿ ತಾಯಿ ಬಲಗಡೆ ಹೂ ಕೊಟ್ಲು, ಖುಷಿಯಾಗಿ ಬಂದು ಡಬ್ಬಿ ಮುಚ್ಚಿ..." ಮುದ್ದುವೀರಪ್ಪನ ಬಾಯಿ ತೆರೆದಂಗೇ ನಿಂತಿತು.

ಏನಾದ್ರೂ ಮಾರೋ ಮುಂಚೆ ಚೌಡೇಶ್ವರಿ ಪಾದದಲ್ಲಿಟ್ಟು ಹೂವಿನ ಅಪ್ಪಣೆ ಕೇಳೋದು ಅವನ ಮನೆ ಪದ್ಧತಿ. ಬಿದ್ದ ಹೂ ತೆಗೆಯೋದು ಶುಕ್ರವಾರಕ್ಕೊಂದೇ ಸಲ. ಮನೆಗೆ ಓಡಿಹೋಗಿ ನೋಡಿದ್ರೆ, ಐದು ದಿನದ ಬಾಡಿದ ಸೇವಂತಿಗೆ ರಾಶಿ ಕೆಳಗೆ ಬೆಳ್ಳಿ ಗಡಿಯಾರ ತಣ್ಣಗೆ ಕೂತಿತ್ತು!

ಸಂಜೆ ಮೈಲಾರಪ್ಪನ ಹತ್ರ ಹೋಗಿ, ಕಿವೀಲಿ ಪಿಸುಗುಟ್ಟಿದ: "ತಪ್ಪಾಯ್ತು ಕಣಪ್ಪಾ."

"ಬೈದಾಗ ಊರೆಲ್ಲ ಕೇಳಿಸ್ಕೊಂಡ್ತು," ಅಂದ ಮೈಲಾರಪ್ಪ. "ಇದು ನನ್ನೊಬ್ಬನಿಗೇನಾ ಅಣ್ಣಯ್ಯ?"

ಮರುದಿನ ಅದೇ ಮೆಟ್ಟಿಲ ಮೇಲೆ ನಿಂತು, ಅದೇ ಸಾಲಿಗೆ ಮುದ್ದುವೀರಪ್ಪ ಕೂಗಿ ಹೇಳಿದ: "ಮೈಲಾರಪ್ಪ ಕದ್ದಿಲ್ಲ! ಖಾಲಿ ಡಬ್ಬಿ ಕೊಟ್ಟ ದಡ್ಡ ನಾನು!" ಅಜ್ಜಿಯರು ನಕ್ಕರು. ಮೈಲಾರಪ್ಪ ತಲೆದೂಗಿದ, ಕ್ಷಮಿಸಿದ.

ಮುದ್ದುವೀರಪ್ಪ ಕಣ್ಣೊರೆಸ್ಕೊಂಡು, ಮೇಷ್ಟ್ರಿಗೆ ಕಳಿಸಬೇಕಾದ ಗಡಿಯಾರದ ಡಬ್ಬಿ ಅವನ ಕಡೆ ಚಾಚಿದ. ಮೈಲಾರಪ್ಪ ಕೈ ಮುಂದೆ ಮಾಡಲಿಲ್ಲ.

"ಕಾಗದ ತಂದುಕೊಡ್ತೀನಿ ಅಣ್ಣಯ್ಯ. ಮಜ್ಜಿಗೇನೂ ಕುಡೀತೀನಿ. ಪಾರ್ಸೆಲ್ ಮಾತ್ರ ನೀನೇ ಹೊತ್ಕೊಂಡು ಬಾ."

ಕುಂಟ್ಕೊಂಡು ಮುದ್ದುವೀರಪ್ಪ ಸಾಲಿನ ಕೊನೇಲಿ ಹೋಗಿ ನಿಂತ.

ನೀತಿ: ಕಳಿಸಿದ ವಸ್ತು ತಲುಪಲಿಲ್ಲ ಅಂದ್ರೆ ಇನ್ನೊಬ್ಬರನ್ನ ಕಳ್ಳ ಅನ್ನೋ ಮುಂಚೆ ನಿಮ್ಮ ರಸೀದಿ ಓದಿ, ನಿಮ್ಮ ಮನೆ ಹುಡುಕಿ. ತಪ್ಪು ಒಪ್ಕೊಂಡ್ರೆ ಕ್ಷಮೆ ಸಿಗಬಹುದು ಮಕ್ಕಳಾ, ಮೊದಲಿನ ನಂಬಿಕೆ ಮಾತ್ರ ಅಷ್ಟು ಸುಲಭಕ್ಕೆ ವಾಪಸ್ ಬರಲ್ಲ.